ಮಕ್ಕಳ ಮೂಳೆ ಕ್ಯಾನ್ಸರ್ ಸಂಶೋಧನೆಯನ್ನು ವೃತ್ತಿಯಾಗಿ ಕೈಗೆತ್ತಿಕೊಳ್ಳುವವರಿಗೆ

ಮಕ್ಕಳಿಗೆ ಬರುವ ಮೂಳೆ ಕ್ಯಾನ್ಸರ್ ಅಪರೂಪದ ಕಾಯಿಲೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸಿಕೊಳ್ಳುವ ಆಸ್ಟಿಯೋಸಾರ್ಕೋಮಾ ಕೂಡ ಹತ್ತು ಲಕ್ಷ ಮಕ್ಕಳು ಮತ್ತು ಹದಿಹರೆಯದವರ ಪೈಕಿ ವರ್ಷಕ್ಕೆ ನಾಲ್ಕೈದು ಮಂದಿಗಷ್ಟೇ ಬರುತ್ತದೆ. ಎರಡನೆಯ ಸ್ಥಾನದಲ್ಲಿರುವ ಯುವಿಂಗ್ ಸಾರ್ಕೋಮಾ ಅದಕ್ಕಿಂತಲೂ ವಿರಳ. ರಕ್ತದ ಕ್ಯಾನ್ಸರ್ ಕುರಿತು ಕೆಲಸ ಮಾಡುವವರಿಗೆ ಕೆಲವೇ ವರ್ಷಗಳಲ್ಲಿ ಸಿಗುವಷ್ಟು ರೋಗಿಗಳು ಮೂಳೆ ಕ್ಯಾನ್ಸರ್ ಸಂಶೋಧಕರಿಗೆ ಒಂದೇ ಆಸ್ಪತ್ರೆಯಲ್ಲಿ ಇಡೀ ವೃತ್ತಿಜೀವನ ಕಳೆದರೂ ಸಿಗುವುದಿಲ್ಲ. ಯಾವ ತರಬೇತಿ ಪಡೆಯಬೇಕು, ಯಾವ ಪ್ರಶ್ನೆಯನ್ನು ಹಿಡಿಯಬೇಕು, ಯಾರ ಜೊತೆ ಸೇರಬೇಕು, ಕೈಗೆ ಬಂದ ಅಂಗಾಂಶದ ತುಣುಕನ್ನು ಹೇಗೆ ಕಾಪಾಡಬೇಕು ಎಂಬುದೆಲ್ಲ ಈ ಒಂದು ಕೊರತೆಯಿಂದಲೇ ನಿರ್ಧಾರವಾಗುತ್ತದೆ. ವೈದ್ಯಕೀಯ ಓದು ಮುಗಿಸುತ್ತಿರುವವರು ಅಥವಾ ಪ್ರಯೋಗಾಲಯದ ಕೆಲಸ ಆರಂಭಿಸಿರುವವರು ಈ ಕ್ಷೇತ್ರದಲ್ಲೇ ನೆಲೆ ನಿಲ್ಲಬೇಕೆಂದುಕೊಂಡಿದ್ದರೆ, ಅವರಿಗೆ ನೆರವಾಗಬಹುದಾದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

ಹಿಂದಿನವರು ನಡೆದ ದಾರಿ

ಹೊಸಬರು ಸಾಮಾನ್ಯವಾಗಿ ಕಳೆದ ನಾಲ್ಕೈದು ವರ್ಷಗಳ ಪ್ರಬಂಧಗಳನ್ನು ಓದಿಕೊಂಡು ಕೆಲಸಕ್ಕೆ ಇಳಿಯುತ್ತಾರೆ. ಈ ಕ್ಷೇತ್ರದಲ್ಲಿ ಅದು ಸಾಲದು. ಇಂದಿಗೂ ಆಸ್ಟಿಯೋಸಾರ್ಕೋಮಾಕ್ಕೆ ಕೊಡುತ್ತಿರುವ ಮುಖ್ಯ ಔಷಧಗಳು, ಅಂದರೆ ಮೆಥೊಟ್ರೆಕ್ಸೇಟ್, ಡಾಕ್ಸೊರುಬಿಸಿನ್ ಮತ್ತು ಸಿಸ್‌ಪ್ಲಾಟಿನ್, 1970 ಮತ್ತು 80ರ ದಶಕಗಳಲ್ಲೇ ನೆಲೆಗೊಂಡವು. ಅವು ಹೇಗೆ ಬಂದವು ಎಂಬುದನ್ನು ತಿಳಿಯದೆ, ಅವುಗಳ ಮುಂದೆ ಏನು ಬರಬೇಕು ಎಂದು ಯೋಚಿಸಲು ಸಾಧ್ಯವಿಲ್ಲ.

ಜೇಮ್ಸ್ ಯುವಿಂಗ್ ಎಂಬ ರೋಗಶಾಸ್ತ್ರಜ್ಞರು ಈಗ ತಮ್ಮ ಹೆಸರಿನಿಂದ ಕರೆಯಲಾಗುವ ಗೆಡ್ಡೆಯನ್ನು ವಿವರಿಸಿದ್ದು 1921ರಲ್ಲಿ. ಅದಾಗಿ ಐವತ್ತು ವರ್ಷ ಕಳೆದರೂ ಆಸ್ಟಿಯೋಸಾರ್ಕೋಮಾ ಬಂದ ಮಗುವಿಗೆ ಕೈಯನ್ನೋ ಕಾಲನ್ನೋ ಕತ್ತರಿಸಿ ತೆಗೆಯುವುದರ ಹೊರತು ಬೇರೆ ದಾರಿ ಇರಲಿಲ್ಲ. ಹಾಗೆ ತೆಗೆದ ಮೇಲೂ ಐದರಲ್ಲಿ ನಾಲ್ಕು ಮಕ್ಕಳು ಶ್ವಾಸಕೋಶಕ್ಕೆ ಹರಡಿದ ರೋಗದಿಂದ ತೀರಿಕೊಳ್ಳುತ್ತಿದ್ದರು. 1970ರ ದಶಕದ ಆರಂಭದಲ್ಲಿ ನಾರ್ಮನ್ ಜಾಫೆ ಮತ್ತು ಜೊತೆಗಾರರು ಭಾರೀ ಪ್ರಮಾಣದ ಮೆಥೊಟ್ರೆಕ್ಸೇಟ್ ಕೊಟ್ಟು, ಅದರ ಬೆನ್ನಿಗೇ ಲ್ಯೂಕೊವೊರಿನ್ ಕೊಟ್ಟು ಮಗುವನ್ನು ವಿಷದಿಂದ ಪಾರುಮಾಡುವ ವಿಧಾನವನ್ನು ಈ ಕಾಯಿಲೆಗೆ ಪ್ರಯೋಗಿಸಿದರು. ಫಲಿತಾಂಶ ಆಶಾದಾಯಕವಾಗಿತ್ತು, ಆದರೆ ಎಲ್ಲರೂ ಒಪ್ಪಲಿಲ್ಲ. ಶಸ್ತ್ರಚಿಕಿತ್ಸೆ ಮತ್ತು ಸ್ಕ್ಯಾನಿಂಗ್ ಸುಧಾರಿಸಿರುವುದರಿಂದ ಕೀಮೋಥೆರಪಿ ಇಲ್ಲದೆಯೂ ಮಕ್ಕಳು ಮೊದಲಿಗಿಂತ ಚೆನ್ನಾಗಿ ಬದುಕುತ್ತಿದ್ದಾರೆ ಎಂಬ ವಾದ ಎದ್ದಿತು. ಈ ವಾದವನ್ನು ತೀರ್ಮಾನಿಸಿದ್ದು 1986ರಲ್ಲಿ ಪ್ರಕಟವಾದ, ಮೈಕೆಲ್ ಲಿಂಕ್ ಅವರ ನೇತೃತ್ವದ ಯಾದೃಚ್ಛಿಕ ಪ್ರಯೋಗ. ಶಸ್ತ್ರಚಿಕಿತ್ಸೆ ಮಾತ್ರ ಆದವರಲ್ಲಿ ಎರಡು ವರ್ಷಗಳ ನಂತರ ರೋಗ ಮರುಕಳಿಸದೆ ಉಳಿದವರು ಶೇ 17. ಕೀಮೋಥೆರಪಿಯನ್ನೂ ಪಡೆದವರಲ್ಲಿ ಶೇ 66. ಈ ಪ್ರಯೋಗದಲ್ಲಿ ಚೀಟಿ ಎತ್ತಿದಂತೆ ಎರಡು ಗುಂಪುಗಳಿಗೆ ಹಂಚಿಹೋದ ರೋಗಿಗಳು ಕೇವಲ 36 ಮಂದಿ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಪ್ರಸಂಗವೂ ಅಷ್ಟೇ ಮುಖ್ಯ. ಗೆರಾಲ್ಡ್ ರೋಸೆನ್ ಮತ್ತು ಜೊತೆಗಾರರು ಕಾಲನ್ನು ಕತ್ತರಿಸದೆ, ರೋಗಗ್ರಸ್ತ ಮೂಳೆಯನ್ನಷ್ಟೇ ತೆಗೆದು ಆ ಜಾಗದಲ್ಲಿ ಲೋಹದ ಕೀಲನ್ನು ಕೂರಿಸಲು ಹೊರಟಿದ್ದರು. ಆಗ ಅಂತಹ ಕೀಲನ್ನು ಪ್ರತಿ ರೋಗಿಯ ಅಳತೆಗೆ ತಕ್ಕಂತೆ ಮಾಡಿಸಬೇಕಿತ್ತು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ದಿನ ಸುಮ್ಮನೆ ಕಾಯುವ ಬದಲು ಕೀಮೋಥೆರಪಿ ಕೊಡಲು ಆರಂಭಿಸಿದರು. ಆಮೇಲೆ ತೆಗೆದ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಗೆಡ್ಡೆಯ ಎಷ್ಟು ಭಾಗ ಸತ್ತಿದೆ ಎಂಬುದಕ್ಕೂ ಮಗು ಮುಂದೆ ಬದುಕುಳಿಯುವುದಕ್ಕೂ ನಂಟಿದೆ ಎಂಬುದು ಗೊತ್ತಾಯಿತು. ಕಾರ್ಖಾನೆಯ ವಿಳಂಬದಿಂದ ಹುಟ್ಟಿದ ಈ ಕ್ರಮವೇ ಇಂದು ಜಗತ್ತಿನಾದ್ಯಂತ ರೂಢಿಯಲ್ಲಿರುವ ಚಿಕಿತ್ಸೆಯ ಅನುಕ್ರಮ. ಅಡಚಣೆ ಯಾರಿಗಾದರೂ ಬರುತ್ತದೆ. ಆ ಅವಧಿಯಲ್ಲಿ ಆದದ್ದನ್ನು ಅಳೆದು ದಾಖಲಿಸುವ ಅಭ್ಯಾಸ ಇದ್ದುದರಿಂದ ಅವರಿಗೆ ಅದು ಜ್ಞಾನವಾಗಿ ಒದಗಿತು.

ಅಲ್ಲಿಂದ ಈಚೆಗೆ ಪ್ರಗತಿ ಬಹುತೇಕ ನಿಂತಿದೆ. ರೋಗ ಹರಡದಿರುವಾಗಲೇ ಪತ್ತೆಯಾದ ಆಸ್ಟಿಯೋಸಾರ್ಕೋಮಾದಲ್ಲಿ ಸುಮಾರು ಮೂರನೇ ಎರಡರಷ್ಟು ಮಕ್ಕಳು ಬದುಕುತ್ತಾರೆ. ಪತ್ತೆಯಾಗುವ ಹೊತ್ತಿಗೇ ಶ್ವಾಸಕೋಶಕ್ಕೆ ಹರಡಿದ್ದರೆ ಬದುಕುವವರು ನಾಲ್ಕರಲ್ಲಿ ಒಬ್ಬರ ಆಸುಪಾಸು. ನಲವತ್ತು ವರ್ಷಗಳಿಂದ ಈ ಗೆರೆ ಹೆಚ್ಚು ಕದಲಿಲ್ಲ. ನೀವು ಸೇರಲಿರುವುದು ಇಂತಹ ಕ್ಷೇತ್ರಕ್ಕೆ ಎಂಬುದನ್ನು ಮೊದಲೇ ಅರಿತಿರುವುದು ಒಳ್ಳೆಯದು.

ತರಬೇತಿಯ ವರ್ಷಗಳು

ವೈದ್ಯರಾಗಿ ಈ ದಾರಿ ಹಿಡಿಯುವವರು ವೈದ್ಯಕೀಯ ಪದವಿ, ಮಕ್ಕಳ ವೈದ್ಯಶಾಸ್ತ್ರ, ಅದರ ಮೇಲೆ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯ ವಿಶೇಷ ತರಬೇತಿ ಮುಗಿಸುವ ಹೊತ್ತಿಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಸಂದಿರುತ್ತದೆ. ಸಂಶೋಧನಾ ಪದವಿಯನ್ನು ನಡುವೆ ಮಾಡಬೇಕೋ ಕೊನೆಯಲ್ಲಿ ಮಾಡಬೇಕೋ ಎಂಬುದು ಹಲವರನ್ನು ಕಾಡುವ ಪ್ರಶ್ನೆ. ವಾರ್ಡಿನಲ್ಲಿ ಕನಿಷ್ಠ ಒಂದೆರಡು ವರ್ಷ ಕೆಲಸ ಮಾಡಿದ ನಂತರ ಪ್ರಯೋಗಾಲಯಕ್ಕೆ ಹೋಗುವುದು ಮೇಲು ಎಂದು ನನ್ನ ಅಭಿಪ್ರಾಯ. ಒಂದು ಚದರ ಮೀಟರ್ ದೇಹದ ಹೊರಮೈಗೆ 12 ಗ್ರಾಮಿನಂತೆ ಮೆಥೊಟ್ರೆಕ್ಸೇಟ್ ಹರಿಸಿ, ಇಪ್ಪತ್ತನಾಲ್ಕು ಗಂಟೆಗೆ ಲ್ಯೂಕೊವೊರಿನ್ ಆರಂಭಿಸಿ, ರಕ್ತದಲ್ಲಿ ಔಷಧದ ಮಟ್ಟ ಇಳಿಯುವುದನ್ನು ದಿನವೂ ಕಾಯುತ್ತ ಕುಳಿತವರಿಗೆ, ‘ಈ ಚಿಕಿತ್ಸೆಗೆ ಇನ್ನೊಂದು ಔಷಧ ಸೇರಿಸಿದರೆ ಹೇಗೆ’ ಎಂಬ ಪ್ರಶ್ನೆಯ ತೂಕ ತಾನಾಗಿಯೇ ಗೊತ್ತಿರುತ್ತದೆ. ಜೀವವಿಜ್ಞಾನದ ಕಡೆಯಿಂದ ಬರುವವರಿಗೂ ವಾರ್ಡಿನ ಬಾಗಿಲು ಮುಚ್ಚಿಲ್ಲ. ವಾರಕ್ಕೊಮ್ಮೆ ನಡೆಯುವ ಬಹುತಜ್ಞರ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತರೂ ಸಾಕು, ಆರು ತಿಂಗಳಲ್ಲಿ ಕಾಯಿಲೆಯ ಪರಿಚಯವಾಗುತ್ತದೆ.

ಮೂಳೆಯ ಗೆಡ್ಡೆಗಳ ವಿಷಯದಲ್ಲಿ ರೋಗಶಾಸ್ತ್ರ ವಿಭಾಗದಲ್ಲಿ ಕೆಲವು ವಾರ ಕಳೆಯುವುದನ್ನು ಯಾರೂ ತಪ್ಪಿಸಬಾರದು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತೊಡೆಮೂಳೆಯ ತುದಿ ಅಲ್ಲಿಗೆ ಬಂದಾಗ ಅದನ್ನು ಗರಗಸದಿಂದ ಉದ್ದಕ್ಕೆ ಸೀಳುತ್ತಾರೆ. ನಡುಭಾಗದಿಂದ ತೆಗೆದ ತೆಳ್ಳನೆಯ ಚಪ್ಪಡಿಯ ಫೋಟೊ ತೆಗೆದು, ಅದರ ಮೇಲೆ ಚೌಕಗಳ ಜಾಲ ಎಳೆದು, ಪ್ರತಿ ಚೌಕಕ್ಕೂ ಸಂಖ್ಯೆ ಕೊಟ್ಟು, ಒಂದೊಂದನ್ನೂ ಬೇರ್ಪಡಿಸಿ, ಸುಣ್ಣದ ಅಂಶವನ್ನು ಕರಗಿಸಿ, ತೆಳುವಾಗಿ ಸೀಳಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಯಾವ ಚೌಕದಲ್ಲಿ ಗೆಡ್ಡೆಯ ಕೋಶಗಳು ಇನ್ನೂ ಜೀವಂತವಾಗಿವೆ, ಯಾವುದರಲ್ಲಿ ಮೂಳೆಯ ಬರಿಯ ಹಂದರ ಉಳಿದಿದೆ ಎಂಬುದನ್ನು ಲೆಕ್ಕ ಹಾಕಿ ಕೊನೆಗೆ ಒಂದು ಶೇಕಡಾ ಪ್ರಮಾಣ ಬರೆಯುತ್ತಾರೆ. ಶೇ 90 ಅಥವಾ ಅದಕ್ಕಿಂತ ಹೆಚ್ಚು ಸತ್ತಿದ್ದರೆ ಅದನ್ನು ಉತ್ತಮ ಪ್ರತಿಕ್ರಿಯೆ ಎಂದು ಪರಿಗಣಿಸುವುದು ವಾಡಿಕೆ. ಪ್ರಬಂಧಗಳ ಕೋಷ್ಟಕದಲ್ಲಿ ಕಲ್ಲಿನಲ್ಲಿ ಕೆತ್ತಿದಂತೆ ಕಾಣುವ ಈ ಸಂಖ್ಯೆ ಒಬ್ಬರು ಎಷ್ಟು ಚೌಕಗಳನ್ನು ಎಷ್ಟು ತಾಳ್ಮೆಯಿಂದ ನೋಡಿದರು ಎಂಬುದನ್ನು ಅವಲಂಬಿಸಿದೆ ಎಂಬ ಅರಿವು ಒಮ್ಮೆ ಆ ಮೇಜಿನ ಬಳಿ ನಿಂತವರಿಗೆ ಮಾತ್ರ ಬರುತ್ತದೆ. ಶೇ 88 ಮತ್ತು ಶೇ 92ರ ನಡುವಿನ ವ್ಯತ್ಯಾಸದ ಮೇಲೆ ಸಿದ್ಧಾಂತ ಕಟ್ಟುವವರನ್ನು ಕಂಡಾಗ ಅಂಥವರಿಗೆ ಸ್ವಲ್ಪ ನಗು ಬಂದರೂ ಆಶ್ಚರ್ಯವಿಲ್ಲ.

ಪ್ರಶ್ನೆಯನ್ನು ಆರಿಸಿಕೊಳ್ಳುವುದು

‘ಮೂಳೆ ಕ್ಯಾನ್ಸರ್ ಬಗ್ಗೆ ಸಂಶೋಧನೆ’ ಎಂಬುದು ಪ್ರಶ್ನೆಯಾಗಲಾರದು. ಆಸ್ಟಿಯೋಸಾರ್ಕೋಮಾ ಮತ್ತು ಯುವಿಂಗ್ ಸಾರ್ಕೋಮಾ ಒಂದೇ ವಾರ್ಡಿನಲ್ಲಿ ಮಲಗಿದ್ದರೂ ಜೀವವಿಜ್ಞಾನದ ದೃಷ್ಟಿಯಲ್ಲಿ ಅವಕ್ಕೆ ಸಂಬಂಧವೇ ಇಲ್ಲ ಎನ್ನಬಹುದು. ಯುವಿಂಗ್ ಸಾರ್ಕೋಮಾದಲ್ಲಿ 11 ಮತ್ತು 22ನೇ ವರ್ಣತಂತುಗಳು ಮುರಿದು ತುಂಡುಗಳನ್ನು ಅದಲುಬದಲು ಮಾಡಿಕೊಂಡಾಗ ಇಡಬ್ಲ್ಯೂಎಸ್ಆರ್1 ಮತ್ತು ಎಫ್‌ಎಲ್‌ಐ1 ಎಂಬ ಎರಡು ಜೀನ್‌ಗಳು ಬೆಸೆದುಕೊಳ್ಳುತ್ತವೆ. ಸುಮಾರು ಶೇ 85ರಷ್ಟು ರೋಗಿಗಳಲ್ಲಿ ಕಾಣುವ ಈ ಬೆಸುಗೆಯನ್ನು 1992ರಲ್ಲಿ ಒಲಿವಿಯೆ ಡೆಲಾತ್ರ್ ಮತ್ತು ಜೊತೆಗಾರರು ಗುರುತಿಸಿದರು. ಉಳಿದಂತೆ ಆ ಗೆಡ್ಡೆಯ ಜೀನ್‌ಗಳಲ್ಲಿ ಬದಲಾವಣೆಗಳು ಬಹಳ ಕಡಿಮೆ. ಶತ್ರು ಒಬ್ಬನೇ, ಅವನ ಮುಖವೂ ಗೊತ್ತು, ಆದರೂ ಹಿಡಿಯಲು ಆಗುತ್ತಿಲ್ಲ ಎಂಬುದು ಯುವಿಂಗ್ ಸಂಶೋಧಕರ ಪಾಡು. ಆಸ್ಟಿಯೋಸಾರ್ಕೋಮಾದ ಕಥೆ ತದ್ವಿರುದ್ಧ: ವರ್ಣತಂತುಗಳು ಚೂರುಚೂರಾಗಿ ಅಡ್ಡಾದಿಡ್ಡಿ ಜೋಡಣೆಯಾಗಿರುತ್ತವೆ, ಒಬ್ಬ ರೋಗಿಯ ಗೆಡ್ಡೆಯಂತೆ ಇನ್ನೊಬ್ಬರದು ಇರುವುದಿಲ್ಲ. ಅಲ್ಲೂ ಕೋಶಗಳು ಅಂಕೆ ಮೀರಿ ಬೆಳೆಯದಂತೆ ತಡೆಯುವ ಟಿಪಿ53 ಎಂಬ ಜೀನ್ ಪದೇ ಪದೇ ಕೈಕೊಟ್ಟಿರುವುದು ಕಾಣುತ್ತದೆ. ಹಿಂದೆ ಹಲವು ಗೆಡ್ಡೆಗಳಲ್ಲಿ ಈ ಜೀನ್ ಸರಿಯಾಗಿಯೇ ಇದೆ ಎಂದು ತೋರುತ್ತಿತ್ತು, ಏಕೆಂದರೆ ಎಲ್ಲರೂ ಪ್ರೋಟೀನಿಗೆ ಸಂಕೇತ ಕೊಡುವ ಭಾಗಗಳನ್ನಷ್ಟೇ ಓದುತ್ತಿದ್ದರು. ಇಡೀ ಜೀನೋಮ್ ಓದಿದ ತಂಡವೊಂದು 2014ರಲ್ಲಿ, ಆ ಜೀನ್ ಮುರಿದಿರುವುದು ಅನೇಕ ಬಾರಿ ಅದರ ಮೊದಲ ಇಂಟ್ರಾನ್‌ನಲ್ಲಿ, ಅಂದರೆ ಪ್ರೋಟೀನಿಗೆ ಸಂಕೇತ ಕೊಡದ, ಯಾರೂ ಇಣುಕದ ಜಾಗದಲ್ಲಿ, ಎಂದು ತೋರಿಸಿತು.

ಇವೆರಡರಲ್ಲಿ ಯಾವುದನ್ನು ಆರಿಸಿಕೊಂಡರೂ, ಒಳಗೆ ಮತ್ತೆ ಕವಲುಗಳಿವೆ: ರೋಗ ಶ್ವಾಸಕೋಶಕ್ಕೇ ಏಕೆ ಹರಡುತ್ತದೆ, ಮರುಕಳಿಸಿದ ಗೆಡ್ಡೆ ಮೊದಲಿನದಕ್ಕಿಂತ ಹೇಗೆ ಭಿನ್ನ, ರಾತ್ರಿ ಮೊಣಕಾಲು ನೋಯುತ್ತದೆ ಎನ್ನುವ ಮಗುವಿಗೆ ಎಕ್ಸ್-ರೇ ತೆಗೆಯುವುದು ಏಕೆ ತಡವಾಗುತ್ತದೆ, ಲೀ-ಫ್ರಾಮೆನಿ ಸಿಂಡ್ರೋಮ್‌ನಂತಹ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ವಂಶಪಾರಂಪರ್ಯದ ಸ್ಥಿತಿ ಇರುವ ಕುಟುಂಬಗಳಿಗೆ ಏನು ಸಲಹೆ ಕೊಡಬೇಕು. ಬಹುಪಾಲು ಯುವ ಸಂಶೋಧಕರು ಹೊಸ ಔಷಧದ ಕಡೆಗೇ ವಾಲುತ್ತಾರೆ. ಅಷ್ಟೇ ಮಹತ್ವವಿದ್ದೂ ಜನ ಕಡಿಮೆ ಇರುವ ಕವಲೆಂದರೆ ಚಿಕಿತ್ಸೆಯ ದೀರ್ಘಕಾಲದ ದುಷ್ಪರಿಣಾಮಗಳದ್ದು. ಸಿಸ್‌ಪ್ಲಾಟಿನ್ ಮಕ್ಕಳ ಕಿವಿಯನ್ನು ಕೆಡಿಸುತ್ತದೆ, ಅದೂ ಎತ್ತರದ ಸ್ಥಾಯಿಯಿಂದ ಆರಂಭಿಸಿ. ತರಗತಿಯಲ್ಲಿ ಕುಳಿತ ಮಗುವಿಗೆ ಶಿಕ್ಷಕರ ದನಿ ಕೇಳಿಸುತ್ತದೆ, ಆದರೆ ಸ, ಶ ಮುಂತಾದ ಧ್ವನಿಗಳು ಮಸುಕಾಗಿ ಪದಗಳು ಕಲಸಿಹೋಗುತ್ತವೆ. ಮಗುವಿಗೆ ಗಮನವಿಲ್ಲ ಎಂದು ದೂರು ಬರುತ್ತದೆ.

ಇದಕ್ಕೆ ಪರಿಹಾರ ಹುಡುಕಿದ ಸಂಶೋಧನೆ ನಡೆದ ರೀತಿ ಹೊಸಬರಿಗೆ ಒಳ್ಳೆಯ ಪಾಠ. ಸೋಡಿಯಂ ಥಯೋಸಲ್ಫೇಟ್ ಎಂಬ ಹಳೆಯ, ಸರಳ ರಾಸಾಯನಿಕವನ್ನು ಸಿಸ್‌ಪ್ಲಾಟಿನ್ ಕೊಟ್ಟು ಆರು ಗಂಟೆಗಳ ನಂತರ ಕೊಟ್ಟರೆ ಕಿವಿ ಉಳಿಯುತ್ತದೆಯೇ ಎಂದು ಎರಡು ಯಾದೃಚ್ಛಿಕ ಪ್ರಯೋಗಗಳು ಪರೀಕ್ಷಿಸಿದವು. 2017ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಆಸ್ಟಿಯೋಸಾರ್ಕೋಮಾ ಸೇರಿದಂತೆ ನಾನಾ ಗೆಡ್ಡೆಗಳ ಮಕ್ಕಳಿದ್ದರು. ಶ್ರವಣದೋಷ ಶೇ 56ರಿಂದ ಶೇ 29ಕ್ಕೆ ಇಳಿಯಿತು. 2018ರಲ್ಲಿ ಬಂದ ಎರಡನೆಯದರಲ್ಲಿ, ಯಕೃತ್ತಿನ ಗೆಡ್ಡೆಯ ಮಕ್ಕಳಲ್ಲಿ, ಅದು ಶೇ 63ರಿಂದ ಶೇ 33ಕ್ಕೆ ಇಳಿಯಿತು. ಆದರೆ ಮೊದಲ ಪ್ರಯೋಗದಲ್ಲಿ ರೋಗ ಹರಡಿದ್ದ ಮಕ್ಕಳ ಪೈಕಿ ಈ ಔಷಧ ಪಡೆದವರ ಬದುಕುಳಿಯುವ ಪ್ರಮಾಣ ಕಡಿಮೆ ಇದ್ದಂತೆ ಕಂಡಿತು. ಕಿವಿಯನ್ನು ಕಾಯುವ ಔಷಧ ಗೆಡ್ಡೆಯನ್ನೂ ಕಾಯುತ್ತಿರಬಹುದೇ ಎಂಬ ಅನುಮಾನ ಪೂರ್ಣವಾಗಿ ಹೋಗಲಿಲ್ಲ. 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ರೋಗ ಹರಡದ ಮಕ್ಕಳಿಗೆ ಮಾತ್ರ. ಅನುಕೂಲವಾದ ಸಂಖ್ಯೆಯ ಪಕ್ಕದಲ್ಲೇ ಅನನುಕೂಲದ ಸಂಖ್ಯೆಯನ್ನೂ ಮುಚ್ಚಿಡದೆ ಪ್ರಕಟಿಸಿದ್ದರಿಂದಲೇ ಆ ಗೆರೆಯನ್ನು ಎಳೆಯಲು ಸಾಧ್ಯವಾಯಿತು.

ಅಂಗಾಂಶ ಕೈಗೆ ಬರುವ ಮುನ್ನ

ಪ್ರಯೋಗಾಲಯದ ಸಂಶೋಧನೆ ಕೆಡುವುದು ಬಹುತೇಕ ಯಂತ್ರಗಳ ಮುಂದಲ್ಲ, ಅದಕ್ಕೂ ಮೊದಲು, ಮಾದರಿಯನ್ನು ತೆಗೆಯುವ ಮತ್ತು ಸಂಗ್ರಹಿಸುವ ಹಂತದಲ್ಲಿ. ಬಯಾಪ್ಸಿಯ ಸೂಜಿ ಹೋದ ದಾರಿಯುದ್ದಕ್ಕೂ ಗೆಡ್ಡೆಯ ಕೋಶಗಳು ಉಳಿಯುವ ಸಂಭವ ಇರುವುದರಿಂದ ಮುಂದೆ ಶಸ್ತ್ರಚಿಕಿತ್ಸೆ ಮಾಡುವವರು ಆ ದಾರಿಯನ್ನೂ ಕತ್ತರಿಸಿ ತೆಗೆಯುತ್ತಾರೆ. ತಪ್ಪು ಜಾಗದಲ್ಲಿ ಚುಚ್ಚಿದರೆ ಉಳಿಸಬಹುದಾಗಿದ್ದ ಕಾಲನ್ನೂ ಕಳೆದುಕೊಳ್ಳಬೇಕಾಗಬಹುದು. ಆದ್ದರಿಂದ ಸಂಶೋಧನೆಗೆಂದು ಹೆಚ್ಚುವರಿ ತುಣುಕು ಬೇಕಿದ್ದರೆ ಅದು ಅದೇ ರಂಧ್ರದಿಂದ, ಅದೇ ಸಮಯದಲ್ಲಿ, ರೋಗನಿರ್ಣಯಕ್ಕೆ ಬೇಕಾದಷ್ಟು ತೆಗೆದಾದ ಮೇಲೆ ಬರಬೇಕು. ಶಸ್ತ್ರವೈದ್ಯರೊಂದಿಗೆ ಈ ಮಾತನ್ನು ಮುಂಚಿತವಾಗಿ ಆಡಿ, ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಮೂಳೆಗೇ ವಿಶಿಷ್ಟವಾದ ಇನ್ನೊಂದು ತೊಂದರೆ ಇದೆ. ಗಟ್ಟಿ ಮೂಳೆಯನ್ನು ತೆಳುವಾಗಿ ಸೀಳಲು ಸುಣ್ಣದ ಅಂಶ ತೆಗೆಯಲೇಬೇಕು. ಅದಕ್ಕೆ ಪ್ರಬಲ ಆಮ್ಲ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಡಿಎನ್‌ಎ ಮತ್ತು ಆರ್‌ಎನ್‌ಎ ನುಚ್ಚುನೂರಾಗುತ್ತವೆ. ಸುಣ್ಣವನ್ನು ನಿಧಾನವಾಗಿ ಸೆಳೆದುಕೊಳ್ಳುವ ಇಡಿಟಿಎ ಎಂಬ ರಾಸಾಯನಿಕ ಬಳಸಿದರೆ ದಿನಗಳು ಹಿಡಿಯುತ್ತವೆ, ಆದರೆ ಜೀನ್‌ಗಳನ್ನು ಓದಲು ಸಾಧ್ಯವಾಗುತ್ತದೆ. ಹತ್ತು ವರ್ಷ ಕಪಾಟಿನಲ್ಲಿ ಕೂಡಿಟ್ಟ ಮಾದರಿಗಳನ್ನು ತೆರೆದು ನೋಡಿದಾಗ ಎಲ್ಲವನ್ನೂ ಆಮ್ಲದಲ್ಲಿ ಅದ್ದಿರುವುದು ಗೊತ್ತಾದರೆ ಆ ಸಂಗ್ರಹ ನಿರುಪಯುಕ್ತ. ಮೃದುವಾದ ಭಾಗವನ್ನು ಬೇರ್ಪಡಿಸಿ ತಕ್ಷಣ ಶೈತ್ಯೀಕರಿಸಿ ಇಡುವುದು, ಉಳಿದದ್ದಕ್ಕೆ ಇಡಿಟಿಎ ಬಳಸುವುದು ಎಂಬ ಎರಡು ಸಾಲಿನ ನಿಯಮವನ್ನು ಪ್ರಯೋಗಾಲಯದ ಗೋಡೆಗೆ ಅಂಟಿಸಿದರೆ ಮುಂದಿನ ಪೀಳಿಗೆ ನಿಮ್ಮನ್ನು ನೆನೆಯುತ್ತದೆ.

ಕೀಮೋಥೆರಪಿಯ ನಂತರ ತೆಗೆದ ಗೆಡ್ಡೆಯಲ್ಲಿ ಜೀವಂತ ಕೋಶಗಳು ಹೆಚ್ಚಾಗಿ ಸಿಗುವುದು ಔಷಧಕ್ಕೆ ಬಗ್ಗದ ರೋಗಿಗಳಲ್ಲಿ. ಚೆನ್ನಾಗಿ ಪ್ರತಿಕ್ರಿಯಿಸಿದವರ ಗೆಡ್ಡೆಯಲ್ಲಿ ಸಂಗ್ರಹಿಸಲು ಏನೂ ಉಳಿದಿರುವುದಿಲ್ಲ. ಹೀಗಾಗಿ ಅಂಗಾಂಶ ಸಂಗ್ರಹಾಲಯಗಳು ಯಾರಿಗೂ ಗೊತ್ತಾಗದಂತೆ ಕೆಟ್ಟ ಫಲಿತಾಂಶದ ಕಡೆಗೆ ವಾಲಿಕೊಂಡಿರುತ್ತವೆ. ಬಯಾಪ್ಸಿಯ ತುಣುಕನ್ನು ಜೋಪಾನ ಮಾಡುವುದಕ್ಕೆ ಇದೂ ಒಂದು ಕಾರಣ. ಶ್ವಾಸಕೋಶದಿಂದ ತೆಗೆದ ಗಂಟುಗಳನ್ನೂ ಬಿಡಬೇಡಿ. ಮಕ್ಕಳ ಪ್ರಾಣ ತೆಗೆಯುವುದು ಹೆಚ್ಚಾಗಿ ಅವೇ.

ಪ್ರಯೋಗಾಲಯದಲ್ಲಿ ಬೆಳೆಸುತ್ತ ಬಂದ ಜೀವಕೋಶದ ತಳಿಗಳ ವಿಷಯದಲ್ಲಿ ಒಂದು ಎಚ್ಚರ. ಯು2ಒಎಸ್ ಎಂಬ ಪ್ರಸಿದ್ಧ ತಳಿ 1964ರಲ್ಲಿ ಹದಿನೈದು ವರ್ಷದ ಹುಡುಗಿಯೊಬ್ಬಳ ಗೆಡ್ಡೆಯಿಂದ ಬಂದದ್ದು. ಅಷ್ಟು ದಶಕಗಳ ಕಾಲ ಗಾಜು ಮತ್ತು ಪ್ಲಾಸ್ಟಿಕ್ ತಟ್ಟೆಗಳಲ್ಲಿ ಬೆಳೆದ ಕೋಶಗಳು ಇಂದು ವಾರ್ಡಿನಲ್ಲಿರುವ ಮಗುವಿನ ಗೆಡ್ಡೆಯನ್ನು ಎಷ್ಟರಮಟ್ಟಿಗೆ ಪ್ರತಿನಿಧಿಸುತ್ತವೆ ಎಂಬುದನ್ನು ಪ್ರತಿ ಪ್ರಯೋಗಕ್ಕೂ ಮುನ್ನ ಕೇಳಿಕೊಳ್ಳಬೇಕು. ತಳಿ ಅದೇ ಹೌದೇ ಎಂದು ಡಿಎನ್‌ಎ ಗುರುತಿನ ಪರೀಕ್ಷೆಯನ್ನೂ ಕಾಲಕಾಲಕ್ಕೆ ಮಾಡಿಸಿ. ದೊಡ್ಡ ತಳಿಯ ನಾಯಿಗಳಿಗೆ ತಾನಾಗಿಯೇ ಆಸ್ಟಿಯೋಸಾರ್ಕೋಮಾ ಬರುತ್ತದೆ, ಶ್ವಾಸಕೋಶಕ್ಕೂ ಹರಡುತ್ತದೆ, ಮನುಷ್ಯರಿಗಿಂತ ಬೇಗ ಮುಂದುವರಿಯುತ್ತದೆ. ಪಶುವೈದ್ಯರ ಜೊತೆ ಕೆಲಸ ಮಾಡಲು ಹಿಂಜರಿಯುವವರು ಈ ಕ್ಷೇತ್ರದ ಅತ್ಯಂತ ನಂಬಲರ್ಹ ಮಾದರಿಯೊಂದನ್ನು ಕೈಬಿಟ್ಟಂತೆ.

ಸಣ್ಣ ಸಂಖ್ಯೆಗಳ ಲೆಕ್ಕ

36 ರೋಗಿಗಳ ಮಾತಿಗೆ ಈಗ ಮರಳೋಣ. 2005ರಿಂದ 2011ರವರೆಗೆ ನಾಲ್ಕು ಅಂತರರಾಷ್ಟ್ರೀಯ ಗುಂಪುಗಳು ಸೇರಿ, 17 ದೇಶಗಳಲ್ಲಿ, ಯುರಾಮೋಸ್-1 ಎಂಬ ಪ್ರಯೋಗಕ್ಕೆ 2,260 ಆಸ್ಟಿಯೋಸಾರ್ಕೋಮಾ ರೋಗಿಗಳನ್ನು ನೋಂದಾಯಿಸಿದವು. ಗೆಡ್ಡೆ ಸಾಕಷ್ಟು ಸಾಯದಿದ್ದ 618 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಇನ್ನೆರಡು ಔಷಧ ಸೇರಿಸಲಾಯಿತು. ಪ್ರಯೋಜನವಾಗಲಿಲ್ಲ, ದುಷ್ಪರಿಣಾಮ ಮಾತ್ರ ಹೆಚ್ಚಿತು. ಉತ್ತಮ ಪ್ರತಿಕ್ರಿಯೆ ತೋರಿದ 716 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ಇಂಟರ್‌ಫೆರಾನ್ ಗೊತ್ತುಮಾಡಲಾಯಿತು. ಅಲ್ಲೂ ಗಮನಾರ್ಹ ಲಾಭ ಕಾಣಲಿಲ್ಲ. ವ್ಯತ್ಯಾಸ ಬೆಟ್ಟದಷ್ಟಿದ್ದಾಗ 36 ಮಂದಿ ಸಾಕಾದರು, ಬಹಳ ಸಣ್ಣದಿದ್ದಾಗ ಎರಡು ಸಾವಿರವೂ ಹೆಚ್ಚೆನಿಸಲಿಲ್ಲ. ನಿಮ್ಮ ಪ್ರಶ್ನೆಯಿಂದ ಎಷ್ಟು ದೊಡ್ಡ ವ್ಯತ್ಯಾಸ ನಿರೀಕ್ಷಿಸುತ್ತೀರಿ, ಅದನ್ನು ತೋರಿಸಲು ಎಷ್ಟು ಮಕ್ಕಳು ಬೇಕು, ಅಷ್ಟು ಮಕ್ಕಳು ಜಗತ್ತಿನಲ್ಲಿ ಎಷ್ಟು ವರ್ಷಗಳಲ್ಲಿ ಸಿಗುತ್ತಾರೆ ಎಂಬ ಮೂರು ಲೆಕ್ಕಗಳನ್ನು ಪ್ರಸ್ತಾವನೆ ಬರೆಯುವ ಮೊದಲೇ ಸಂಖ್ಯಾಶಾಸ್ತ್ರಜ್ಞರ ಎದುರು ಕುಳಿತು ಹಾಕಿ. ಪ್ರಯೋಗ ಮುಗಿದ ಮೇಲೆ ಅವರ ಬಳಿ ಹೋಗುವುದು ಅಡಿಪಾಯ ಮುಗಿದ ಮೇಲೆ ಎಂಜಿನಿಯರನ್ನು ಕರೆದಂತೆ.

ಇಂಟರ್‌ಫೆರಾನ್ ಭಾಗದಿಂದ ಕಲಿಯಬೇಕಾದದ್ದು ಇನ್ನೂ ಒಂದಿದೆ. ಆ ಗುಂಪಿಗೆ ಬಂದವರಲ್ಲಿ ಸುಮಾರು ಕಾಲು ಭಾಗ ಮಂದಿ ಅದನ್ನು ಆರಂಭಿಸಲೇ ಇಲ್ಲ. ತಿಂಗಳುಗಟ್ಟಲೆ ಕೀಮೋಥೆರಪಿ, ನಡುವೆ ದೊಡ್ಡ ಶಸ್ತ್ರಚಿಕಿತ್ಸೆ ಅನುಭವಿಸಿ ಮನೆಗೆ ಹೊರಟು ನಿಂತ ಹದಿನೈದರ ಹುಡುಗನಿಗೆ ‘ಇನ್ನು ವಾರಕ್ಕೊಂದು ಚುಚ್ಚುಮದ್ದು, ಅದೂ ಪ್ರಯೋಜನವಾಗುತ್ತದೋ ಇಲ್ಲವೋ ಗೊತ್ತಿಲ್ಲ’ ಎಂದರೆ ಅವನು ಏನೆನ್ನಬಹುದು ಎಂಬುದು ಲೆಕ್ಕಾಚಾರದ ಭಾಗವೇ ಆಗಿರಬೇಕು.

ಹೊಸ ಔಷಧವೇ ಇಲ್ಲದೆಯೂ ಮುನ್ನಡೆ ಸಾಧ್ಯ. ಹರಡದ ಯುವಿಂಗ್ ಸಾರ್ಕೋಮಾದ 568 ರೋಗಿಗಳಿಗೆ ಅದೇ ಔಷಧಗಳನ್ನು ಮೂರು ವಾರಕ್ಕೊಮ್ಮೆ ಕೊಡುವ ಬದಲು ಎರಡು ವಾರಕ್ಕೊಮ್ಮೆ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2012ರಲ್ಲಿ ಪ್ರಕಟವಾಯಿತು. ಐದು ವರ್ಷಗಳ ನಂತರ ರೋಗ ಮರುಕಳಿಸದೆ ಉಳಿದವರು ಶೇ 65ರ ಬದಲು ಶೇ 73. ದುಷ್ಪರಿಣಾಮ ಹೆಚ್ಚಲಿಲ್ಲ. ಬದಲಾದದ್ದು ದಿನಾಂಕಗಳು ಮಾತ್ರ. ಇದಕ್ಕೆ ಪ್ರತಿಯಾಗಿ, ಬೆಳವಣಿಗೆಯ ಸಂಕೇತವನ್ನು ಕೋಶದೊಳಕ್ಕೆ ಒಯ್ಯುವ ಐಜಿಎಫ್-1 ಗ್ರಾಹಕವನ್ನು ತಡೆಯುವ ಪ್ರತಿಕಾಯಗಳು ಮರುಕಳಿಸಿದ ಯುವಿಂಗ್ ಸಾರ್ಕೋಮಾದಲ್ಲಿ ಹತ್ತರಲ್ಲಿ ಒಬ್ಬರಿಗೆ ಗೆಡ್ಡೆ ಕರಗಿಸಿ ಭಾರೀ ಭರವಸೆ ಹುಟ್ಟಿಸಿದವು. ಆ ಒಬ್ಬರು ಯಾರೆಂದು ಮೊದಲೇ ಗುರುತಿಸುವ ದಾರಿ ಸಿಗಲಿಲ್ಲ, ರೋಗ ಹರಡಿದ್ದವರಿಗೆ ಆರಂಭದಿಂದಲೇ ಅಂತಹ ಪ್ರತಿಕಾಯವಾದ ಗ್ಯಾನಿಟುಮ್ಯಾಬ್ ಸೇರಿಸಿ ನಡೆಸಿದ ಯಾದೃಚ್ಛಿಕ ಪ್ರಯೋಗದಲ್ಲಿ ಲಾಭ ಕಾಣಲೂ ಇಲ್ಲ.

ಆಸ್ಟಿಯೋಸಾರ್ಕೋಮಾದಲ್ಲಿ ಗೆಡ್ಡೆ ಕುಗ್ಗಿತೇ ಎಂದು ಸ್ಕ್ಯಾನಿನಲ್ಲಿ ಅಳೆಯುವುದು ಅಷ್ಟು ಉಪಯುಕ್ತವಲ್ಲ, ಏಕೆಂದರೆ ಕೋಶಗಳು ಸತ್ತರೂ ಅವು ಹೆಣೆದ ಮೂಳೆ ಹಾಗೇ ನಿಂತಿರುತ್ತದೆ. ಹಾಗಾಗಿ ರೋಗ ಎಷ್ಟು ಕಾಲ ಬೆಳೆಯದೆ ನಿಂತಿತು ಎಂಬುದನ್ನು ನೋಡುತ್ತಾರೆ. ಮರುಕಳಿಸಿದ ರೋಗಕ್ಕೆ ವಿಫಲವಾದ ಹಲವು ಹಳೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಾಲ್ಕು ತಿಂಗಳ ಹೊತ್ತಿಗೆ ರೋಗ ಮುಂದುವರಿಯದೆ ಇದ್ದವರು ಶೇ 12 ಎಂದು 2016ರಲ್ಲಿ ಪ್ರಕಟವಾಯಿತು. ಇಂದು ಹೊಸ ಔಷಧವನ್ನು ತೂಗಿ ನೋಡಲು ಆ ಸಂಖ್ಯೆಯೇ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದೆ. ವಿಫಲವಾದ ಪ್ರಯೋಗಗಳನ್ನು ಯಾರೂ ಪ್ರಕಟಿಸದೆ ಬೀರುವಿನಲ್ಲಿ ಇಟ್ಟಿದ್ದರೆ ಆ ತಟ್ಟೆ ಖಾಲಿ ಇರುತ್ತಿತ್ತು.

ಒಪ್ಪಿಗೆ ಕೇಳುವ ಕೋಣೆಯಲ್ಲಿ

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ತಂದೆ ತಾಯಿ. ಆದರೆ ತಿಳಿವಳಿಕೆ ಬಂದ ಮಗುವಿನ ಸಮ್ಮತಿಯನ್ನೂ ಪ್ರತ್ಯೇಕವಾಗಿ ಕೇಳಬೇಕು. ಸಾಮಾನ್ಯವಾಗಿ ಈ ಮಾತುಕತೆ ನಡೆಯುವುದು ಕ್ಯಾನ್ಸರ್ ಎಂದು ಗೊತ್ತಾದ ಒಂದೆರಡು ದಿನಗಳಲ್ಲಿ, ಯಾರಿಗೂ ಏನೂ ತಲೆಗೆ ಹೋಗದ ಸ್ಥಿತಿಯಲ್ಲಿ. ಅಂತಹ ಕೋಣೆಯಲ್ಲಿ ಹದಿಮೂರರ ಹುಡುಗಿ, ‘ಡಾಕ್ಟ್ರೇ, ಈ ಚೂರು ಕೊಟ್ರೆ ನನ್ನ ಕಾಲು ಉಳಿಯತ್ತಾ?’ ಎಂದು ಕೇಳಿದರೆ, ‘ಇಲ್ಲಮ್ಮ, ಇದರಿಂದ ನಿನ್ನ ಕಾಲಿಗೆ ಏನೂ ಆಗಲ್ಲ. ಮುಂದೆ ಬರೋ ಮಕ್ಕಳಿಗೆ ಉಪಯೋಗ ಆಗಬಹುದು, ಆಗದೇನೂ ಇರಬಹುದು. ನೀನು ಬೇಡ ಅಂದ್ರೂ ನಿನ್ನ ಚಿಕಿತ್ಸೆಯಲ್ಲಿ ಏನೂ ಬದಲಾಗಲ್ಲ’ ಎಂದು ಅದೇ ಮಾತುಗಳಲ್ಲಿ ಉತ್ತರಿಸಲು ಬರಬೇಕು. ಅಲ್ಲಿ ವೃತ್ತಿಪರ ಶಬ್ದಗಳ ಹಿಂದೆ ಅಡಗಿಕೊಳ್ಳುವವರಿಗೆ ಈ ಕೆಲಸ ಒಗ್ಗುವುದಿಲ್ಲ. ತಂದೆಯೊಬ್ಬರು ‘ನಿಮ್ಮ ಮಗಳಾಗಿದ್ದಿದ್ರೆ ಏನು ಮಾಡ್ತಿದ್ರಿ ಸಾರ್?’ ಎಂದು ಕೇಳುವುದೂ ಖಂಡಿತ. ಪ್ರಯೋಗದ ಎರಡು ಗುಂಪುಗಳಲ್ಲಿ ಯಾವುದು ಮೇಲೆಂದು ನಿಜವಾಗಿಯೂ ಗೊತ್ತಿಲ್ಲದಿದ್ದರೆ ಮಾತ್ರ ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಾಧ್ಯ. ಉತ್ತರಿಸುವಾಗ ನಾಲಿಗೆ ತಡವರಿಸಿದರೆ, ಮಗುವನ್ನು ಸೇರಿಸಿಕೊಳ್ಳುವ ಮೊದಲು ಪ್ರಯೋಗದ ವಿನ್ಯಾಸವನ್ನೇ ಮತ್ತೊಮ್ಮೆ ನೋಡಬೇಕಾಗುತ್ತದೆ.

ಸಹಿ ಹಾಕಿಸುವುದು ಮತ್ತು ವಿವರಿಸುವುದು ಬೇರೆ ಬೇರೆ ದಿನ ನಡೆಯಲಿ. ಮಗು ಪ್ರಾಪ್ತ ವಯಸ್ಸಿಗೆ ಬಂದಾಗ ಸಂಗ್ರಹದಲ್ಲಿರುವ ಮಾದರಿಯ ಬಗ್ಗೆ ಮತ್ತೆ ಕೇಳುವ ವ್ಯವಸ್ಥೆಯನ್ನೂ ಆರಂಭದಲ್ಲೇ ಬರೆದಿಡಿ.

ಹಣ, ಹೆಸರು, ಜೊತೆಗಾರರು

ರೋಗಿಗಳ ಸಂಖ್ಯೆ ಕಡಿಮೆ ಇರುವ ಕಡೆ ಔಷಧ ಕಂಪನಿಗಳ ಆಸಕ್ತಿಯೂ ಕಡಿಮೆ. ವಯಸ್ಕರ ಕ್ಯಾನ್ಸರ್‌ಗೆಂದು ತಯಾರಾದ ಔಷಧದ ಗುರಿ ಮಕ್ಕಳ ಗೆಡ್ಡೆಗೂ ಸಂಬಂಧಿಸಿದ್ದರೆ ಮಕ್ಕಳಲ್ಲೂ ಅಧ್ಯಯನ ನಡೆಸಬೇಕು ಎಂಬ ಕಾನೂನು ಅಮೆರಿಕದಲ್ಲಿ 2020ರಿಂದ ಜಾರಿಯಲ್ಲಿದೆ. ಯುರೋಪಿನಲ್ಲಿ ಮಕ್ಕಳ ಔಷಧಗಳಿಗೆ ಸಂಬಂಧಿಸಿದ ನಿಯಮ 2007ರಿಂದಲೂ ಇದೆ. ಆದರೂ ಸಂಶೋಧನೆಯ ಹಣದಲ್ಲಿ ದೊಡ್ಡ ಪಾಲು ಸರ್ಕಾರಿ ಅನುದಾನ ಮತ್ತು ಮಗುವನ್ನು ಕಳೆದುಕೊಂಡ ಕುಟುಂಬಗಳು ಕಟ್ಟಿದ ನಿಧಿಗಳಿಂದ ಬರುತ್ತದೆ. ಎರಡನೆಯ ಬಗೆಯ ಹಣ ಪಡೆದವರು ವರ್ಷಕ್ಕೊಮ್ಮೆ ಆ ಕುಟುಂಬಗಳ ಮುಂದೆ ನಿಂತು, ಏನಾಯಿತು, ಏನಾಗಲಿಲ್ಲ ಎಂದು ಸರಳ ಮಾತಿನಲ್ಲಿ ಹೇಳಬೇಕಾಗುತ್ತದೆ. ಯಾವ ಪರಿಶೀಲನಾ ಸಮಿತಿಗಿಂತಲೂ ಅದು ಕಠಿಣ ಪರೀಕ್ಷೆ.

ಒಂಟಿಯಾಗಿ ಇಲ್ಲಿ ಏನೂ ನಡೆಯದು. ಜರ್ಮನ್ ಭಾಷಿಕ ದೇಶಗಳ ಕಾಸ್ ಗುಂಪು 1977ರಿಂದ, ಉತ್ತರ ಅಮೆರಿಕದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್ ನಾಲ್ಕು ಹಳೆಯ ಗುಂಪುಗಳು 2000ದಲ್ಲಿ ಒಂದಾದಾಗಿನಿಂದ ಕೆಲಸ ಮಾಡುತ್ತಿವೆ. ಇಂತಹ ಯಾವುದಾದರೂ ಗುಂಪಿನ ಮೂಳೆ ಗೆಡ್ಡೆಗಳ ಸಮಿತಿಯಲ್ಲಿ ಆದಷ್ಟು ಬೇಗ ಸಣ್ಣ ಹೊಣೆಯೊಂದನ್ನು ವಹಿಸಿಕೊಳ್ಳಿ: ದತ್ತಾಂಶ ಪರಿಶೀಲನೆ, ಸ್ಕ್ಯಾನ್‌ಗಳ ಮರುಓದು, ದುಷ್ಪರಿಣಾಮಗಳ ವರದಿ. ಮಾರ್ಗದರ್ಶಕರು ಒಬ್ಬರೇ ಇರಬೇಕಿಲ್ಲ. ಪ್ರಯೋಗಾಲಯಕ್ಕೆ ಒಬ್ಬರು, ವಾರ್ಡಿಗೆ ಒಬ್ಬರು, ಸಾಧ್ಯವಾದರೆ ಬೇರೆ ಊರಿನಲ್ಲಿ ಒಬ್ಬರು ಇದ್ದರೆ ಒಳ್ಳೆಯದು. ಪ್ರಬಂಧದಲ್ಲಿ ಹೆಸರುಗಳ ಅನುಕ್ರಮದ ಮಾತನ್ನು ಕೆಲಸ ಆರಂಭಿಸುವ ಮೊದಲೇ ಆಡಿಬಿಡಿ. ನೂರು ಆಸ್ಪತ್ರೆಗಳ ಪ್ರಯೋಗದಲ್ಲಿ ನಿಮ್ಮ ಹೆಸರು ನಲವತ್ತನೆಯದಾಗಿ ಬರಬಹುದು. ಬಡ್ತಿ ಸಮಿತಿಗಳು ಮೊದಲ ಮತ್ತು ಕೊನೆಯ ಹೆಸರನ್ನಷ್ಟೇ ಎಣಿಸುವುದರಿಂದ ಇದು ನ್ಯಾಯವಲ್ಲ. ಅದಕ್ಕಾಗಿ ಗುಂಪಿನ ಕೆಲಸದ ಜೊತೆಗೆ ಪೂರ್ತಿ ನಿಮ್ಮದೇ ಎನ್ನಬಹುದಾದ ಚಿಕ್ಕ ಪ್ರಶ್ನೆಯೊಂದನ್ನು ಸದಾ ಇಟ್ಟುಕೊಂಡಿರಿ.

ಇಪ್ಪತ್ತು ವರ್ಷದ ದಾಖಲೆ

ಗುಣವಾದ ಮಗು ದೊಡ್ಡದಾಗುತ್ತದೆ, ಊರು ಬದಲಿಸುತ್ತದೆ, ಫೋನ್ ಸಂಖ್ಯೆ ಬದಲಾಗುತ್ತದೆ. ಡಾಕ್ಸೊರುಬಿಸಿನ್ ಹೃದಯಕ್ಕೆ ಮಾಡಿದ ಹಾನಿ ಕಾಣಿಸಿಕೊಳ್ಳುವುದು, ಲೋಹದ ಕೀಲು ಸವೆದು ಬದಲಿಸಬೇಕಾಗುವುದು, ಮಕ್ಕಳಾಗುವುದರಲ್ಲಿ ತೊಂದರೆ ಗೊತ್ತಾಗುವುದು, ಕೆಲವೊಮ್ಮೆ ಎರಡನೆಯ ಕ್ಯಾನ್ಸರ್ ಬರುವುದು, ಎಲ್ಲವೂ ಹತ್ತಿಪ್ಪತ್ತು ವರ್ಷಗಳ ನಂತರ. ಆದ್ದರಿಂದ ನೀವು ಮೊದಲ ವರ್ಷದಲ್ಲಿ ತೆರೆಯುವ ದತ್ತಾಂಶದ ಕಡತ ನಿಮ್ಮ ನಿವೃತ್ತಿಯ ಹೊತ್ತಿಗೂ ಓದುವಂತಿರಬೇಕು. ಪ್ರತಿ ಅಂಕಣಕ್ಕೂ ಪೂರ್ಣ ಹೆಸರು, ಅಳತೆಯ ಮಾನ, ಯಾರು ಯಾವಾಗ ಯಾವ ವಿಧಾನದಲ್ಲಿ ಅಳೆದರು ಎಂಬ ವಿವರಣೆ ಇರುವ ಪ್ರತ್ಯೇಕ ಪಟ್ಟಿಯನ್ನು ಕಡತದ ಜೊತೆಗೇ ಇಡಿ, ಬದಲಾವಣೆ ಮಾಡಿದಾಗಲೆಲ್ಲ ದಿನಾಂಕ ಹಾಕಿ. ‘ನೆಕ್-2’ ಎಂಬ ಅಂಕಣದಲ್ಲಿ 85 ಎಂದಿದ್ದರೆ ಅದು ಸತ್ತ ಗೆಡ್ಡೆಯ ಪ್ರಮಾಣವೋ ಉಳಿದದ್ದರ ಪ್ರಮಾಣವೋ, ಮೊದಲ ಓದೋ ಮರುಓದೋ ಎಂಬುದು ಇಂದು ನಿಮಗೆ ಗೊತ್ತು. ಹದಿನೈದು ವರ್ಷಗಳ ನಂತರ ಆ ಕುರ್ಚಿಯಲ್ಲಿ ಕೂರುವವರು ಅದನ್ನು ತಿಳಿಯಲು ಕಪಾಟಿನಿಂದ ಗಾಜಿನ ಪಟ್ಟಿಗಳನ್ನು ಮತ್ತೆ ತೆಗೆದು, ಚೌಕ ಚೌಕವಾಗಿ ಮೊದಲಿನಿಂದ ಎಣಿಸಬೇಕಾಗುತ್ತದೆ, ಅದೂ ಆ ಪಟ್ಟಿಗಳು ಇನ್ನೂ ಉಳಿದಿದ್ದರೆ.